ಮೊದಲು ಮುಗಿಯುವುದು ಯಾವುದು?

ಮಟ್ಟಾಂಚೇರಿಯ ಒಂದು ಸಣ್ಣ ಸಸ್ಯಾಹಾರಿ ಹೋಟೆಲಿನ ಹಿಂದಿನ ಕೋಣೆ. ಒಂದು ಕಡೆ ಅಕ್ಕಿ ಮೂಟೆ, ಇನ್ನೊಂದು ಕಡೆ ಉದ್ದಿನಬೇಳೆ ಚೀಲ, ಮಧ್ಯದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿಯಲ್ಲಿ ಕುಳಿತು ನಾನು ಒಂದು ಉತ್ತರಪತ್ರಿಕೆ ನೋಡುತ್ತಿದ್ದೆ. ಪ್ರಶ್ನೆ ಇಷ್ಟೇ: 4 ಗ್ರಾಂ ಹೈಡ್ರೋಜನ್ ಮತ್ತು 20 ಗ್ರಾಂ ಆಕ್ಸಿಜನ್ ಸೇರಿದರೆ ಎಷ್ಟು ಗ್ರಾಂ ನೀರು ಸಿಗುತ್ತದೆ? ಹುಡುಗಿ ಬರೆದ ಉತ್ತರ 36 ಗ್ರಾಂ. ಅದರ ಮೇಲೆ ಕೆಂಪು ಶಾಯಿಯಲ್ಲಿ ಒಂದು ಅಡ್ಡಗೀಟು, ಪಕ್ಕದಲ್ಲಿ ಸೊನ್ನೆ. ಏಕೆ ತಪ್ಪು ಎಂದು ಎಲ್ಲೂ ಬರೆದಿರಲಿಲ್ಲ.

ಹುಡುಗಿಯ ಅಪ್ಪ ಆ ಹೋಟೆಲಿನ ಅಡುಗೆಯವರು. ಎಲ್ಲರೂ ಕರೆಯುವ ಹಾಗೆ ನಾನೂ ಭಟ್ರು ಎನ್ನುತ್ತೇನೆ. ಊರು ಕಾಸರಗೋಡಿನ ಬದಿಯಡ್ಕದ ಕಡೆ. ಮಗಳು ಹತ್ತನೆಯವರೆಗೆ ಅಲ್ಲೇ, ಅಜ್ಜನ ಮನೆಯಲ್ಲಿದ್ದು, ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ಲಸ್ ವನ್‌ಗೆ ಸೈನ್ಸ್ ಸಿಕ್ಕಿತೆಂದು ಅಪ್ಪನ ಜೊತೆಗೆ ಕೊಚ್ಚಿಗೆ ಬಂದಳು. ಇಲ್ಲಿ ಪಾಠ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ, ಆಲೋಚನೆ ಕನ್ನಡದಲ್ಲಿ. ಮೊದಲ ಎರಡು ಪರೀಕ್ಷೆಗಳಲ್ಲಿ ಕೆಮಿಸ್ಟ್ರಿ ಫೇಲು. ಕಾಮರ್ಸ್‌ಗೆ ಬದಲಾಯಿಸಲು ಇನ್ನೂ ಸ್ವಲ್ಪ ದಿನ ಅವಕಾಶ ಉಂಟಂತೆ, ಬದಲಾಯಿಸಿಬಿಡುವುದೇ ಒಳ್ಳೆಯದೋ ಎಂತ ಅಂತ ಭಟ್ರು ಕೇಳಿದರು. ನಾನು ಎಂ.ಎಸ್ಸಿ. ಕೆಮಿಸ್ಟ್ರಿ ಮಾಡಿ ಸಾಫ್ಟ್‌ವೇರಿಗೆ ಬಂದವಳೆಂದು ಅವರಿಗೆ ಯಾವಾಗಲೋ ಹೇಳಿದ್ದೆ. ಭಾನುವಾರದ ನೀರುದೋಸೆಗೆ ಹೋಗುತ್ತಿದ್ದವಳಿಗೆ ಹೀಗೆ ಒಂದು ಟ್ಯೂಷನ್ ಅಂಟಿಕೊಂಡಿತು.

ನಾನು ಕಾಗದ ನೋಡುತ್ತಿದ್ದಾಗ ಭಟ್ರು ಹೆಗಲ ಮೇಲಿಂದ ಇಣುಕಿದರು. "ನಾಲ್ಕೂ ಇಪ್ಪತ್ತೂ ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕು ಹಾಕಿ ಮೂವತ್ತಾರು ತೆಗೆದಳಾ? ಈ ವಿದ್ಯೆ ನಮ್ಮ ಹೋಟೆಲಿಗೆ ಬೇಕಿತ್ತು ಅಕ್ಕಾ" ಎಂದು ನಕ್ಕರು. ಹುಡುಗಿಯ ಮುಖ ಸಣ್ಣದಾಯಿತು. ಆದರೆ ಅವರು ನಕ್ಕದ್ದರಲ್ಲಿ ಆ ಉತ್ತರದ ತಪ್ಪು ಪೂರ್ತಿಯಾಗಿತ್ತು. ಹಾಕಿದ್ದಕ್ಕಿಂತ ಹೆಚ್ಚು ಬರುವುದಿಲ್ಲ. ಅನ್ನವಾದರೆ ನೀರು ಕುಡಿದು ಅರಳೀತು. ಇಲ್ಲಿ ಹೊರಗಿನಿಂದ ಸೇರಲು ಏನೂ ಇಲ್ಲ. ರಸಾಯನಶಾಸ್ತ್ರದ ಯಾವ ಲೆಕ್ಕ ಮಾಡಿದರೂ ಕೊನೆಗೆ ಒಮ್ಮೆ ಎರಡೂ ಕಡೆಯ ತೂಕ ಕೂಡಿಸಿ ನೋಡು ಎಂದು ನನಗೆ ಪಿಯುಸಿಯಲ್ಲಿ ಯಾರೂ ಹೇಳಿರಲಿಲ್ಲ. ಭಟ್ರು ಹೇಳಿದರು.

ಅವಳು ಎಲ್ಲಿ ಎಡವಿದಳು ಎಂದು ಕೇಳಿದೆ. "ಲಿಮಿಟಿಂಗ್ ರಿಯೇಜೆಂಟ್ ಅಂದರೆ ಲಿಮಿಟೆಡ್ ಇರುವುದಲ್ವಾ ಅಕ್ಕ? ನಾಲ್ಕು ಕಡಿಮೆ, ಇಪ್ಪತ್ತು ಜಾಸ್ತಿ. ಹಾಗಾಗಿ ಹೈಡ್ರೋಜನ್." ಹೋಟೆಲಿನ ಗೋಡೆಯ ಮೇಲೆ 'ಲಿಮಿಟೆಡ್ ಮೀಲ್ಸ್' ಎಂದು ಬೋರ್ಡಿದೆ. ಅವಳಿಗೆ ಗೊತ್ತಿದ್ದ ಲಿಮಿಟೆಡ್ ಅದೇ: ಅನ್ನ ಸ್ವಲ್ಪ ಕಮ್ಮಿ, ರೇಟೂ ಸ್ವಲ್ಪ ಕಮ್ಮಿ. ಪಾಠದ ಶಬ್ದವನ್ನು ಅವಳು ಆ ಬೋರ್ಡಿನ ಮೂಲಕ ಓದಿದ್ದಳು. ದಡ್ಡತನ ಖಂಡಿತ ಅಲ್ಲ. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಇದೇ ಗುಂಡಿಗೆ ಬೀಳುತ್ತಾರೆ. ಮಿತಿ ಇರುವುದು ಬೇರೆ, ಮಿತಿ ಹಾಕುವುದು ಬೇರೆ. ಇಲ್ಲಿ ಬೇಕಾದದ್ದು ಎರಡನೆಯದು.

"ಹೋಗಲಿ, ಆ ಶಬ್ದ ಬಿಡು. ದೋಸೆ ಹಿಟ್ಟಿಗೆ ಅಪ್ಪ ಎಷ್ಟೆಷ್ಟು ಹಾಕುತ್ತಾರೆ?" ಎಂದೆ.

"ಒಂದು ಸೇರು ಉದ್ದಿಗೆ ಮೂರು ಸೇರು ಅಕ್ಕಿ."

"ಚೀಲದಲ್ಲಿ 18 ಸೇರು ಉದ್ದು, 50 ಸೇರು ಅಕ್ಕಿ ಉಂಟು. ಯಾವುದು ಮೊದಲು ಮುಗಿಯುತ್ತದೆ?"

ಅವಳು ಬಾಯಲ್ಲೇ ಲೆಕ್ಕ ಹಾಕಿದಳು. 18 ಸೇರು ಉದ್ದಿಗೆ 54 ಸೇರು ಅಕ್ಕಿ ಬೇಕು, ಇರುವುದು 50. "ಅಕ್ಕಿ" ಎಂದಳು. ಹೇಳಿದ ಮೇಲೆ ತಾನೇ ಒಂದು ಕ್ಷಣ ನಿಂತಳು. ಅಕ್ಕಿ ಉದ್ದಿನ ಮೂರು ಪಾಲಿನ ಹತ್ತಿರ ಇದೆ, ಆದರೂ ಮೊದಲು ಮುಗಿಯುವುದು ಅದೇ. "ಜಾಸ್ತಿ ಇದ್ದದ್ದೇ ಕಮ್ಮಿ ಆಯಿತಲ್ಲ!"

ಮುಂದಿನ ಭಾಗಕ್ಕೆ ಶಬ್ದ ಕೊಟ್ಟದ್ದೂ ಅಡುಗೆಮನೆಯೇ. ನಮ್ಮ ಕಡೆ 'ಒಬ್ಬೆ' ಎನ್ನುತ್ತಾರೆ: ಒಂದು ಸಲಕ್ಕೆ ಎಷ್ಟು ರುಬ್ಬುತ್ತೇವೆಯೋ, ಎಷ್ಟು ಬೇಯಿಸುತ್ತೇವೆಯೋ, ಅದು ಒಂದು ಒಬ್ಬೆ. ಬೆಂಗಳೂರಿನವರು ಇದನ್ನು ಬ್ಯಾಚ್ ಎಂದು ಓದಿಕೊಳ್ಳಬಹುದು. 18 ಸೇರು ಉದ್ದಿನಲ್ಲಿ 18 ಒಬ್ಬೆ ಆಗುತ್ತದೆ. 50 ಸೇರು ಅಕ್ಕಿಯನ್ನು ಮೂರರಿಂದ ಭಾಗಿಸಿದರೆ 16 ಒಬ್ಬೆ ದಾಟಿ ಸ್ವಲ್ಪ. ಯಾವುದರ ಒಬ್ಬೆ ಕಡಿಮೆಯೋ ಅಲ್ಲಿಗೆ ಕೆಲಸ ನಿಂತಿತು. ಉಳಿದ ಉದ್ದು ಡಬ್ಬಕ್ಕೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. 'ಮೋಲ್‌ಗಳನ್ನು ಸಮೀಕರಣದ ಗುಣಾಂಕದಿಂದ ಭಾಗಿಸು, ಚಿಕ್ಕದು ಬಂದದ್ದೇ ಲಿಮಿಟಿಂಗ್' ಎಂಬ ಸೂತ್ರವನ್ನು ನಾನು ಹದಿನೇಳನೇ ವಯಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆ. ಪೂರ್ತಿ ಅಂಕ ಬರುತ್ತಿತ್ತು. ಹಾಗೆ ಭಾಗಿಸಿದಾಗ ಸಿಗುವ ಸಂಖ್ಯೆ ಏನು, ಅದು ಯಾವುದರ ಎಣಿಕೆ ಎಂದು ಕೇಳಿದ್ದರೆ ಎಂ.ಎಸ್ಸಿ. ಮುಗಿಯುವವರೆಗೂ ನಾನು ತಬ್ಬಿಬ್ಬಾಗುತ್ತಿದ್ದೆನೇನೋ. ಅದು ಒಬ್ಬೆಗಳ ಎಣಿಕೆ, ಅಷ್ಟೇ.

ಆದರೆ ದೋಸೆಯಿಂದ ಹೈಡ್ರೋಜನ್ನಿಗೆ ನೇರ ಹಾರುವ ಹಾಗಿಲ್ಲ. ಭಟ್ರು ಅಳೆಯುವುದು ಸೇರಿನಲ್ಲಿ, ಪಾಕದ ಲೆಕ್ಕ ಇರುವುದೂ ಸೇರಿನಲ್ಲೇ. ರಸಾಯನಶಾಸ್ತ್ರದಲ್ಲಿ ನಮ್ಮ ಕೈಗೆ ಸಿಗುವುದು ತೂಕ, ಆದರೆ ಸಮೀಕರಣ ಮಾತಾಡುವುದು ಎಣಿಕೆಯಲ್ಲಿ. ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು ಸೇರಿ ಎರಡು ನೀರಿನ ಅಣು ಎಂದರೆ ಅದು ತಲೆಲೆಕ್ಕ, ತಕ್ಕಡಿಯ ಲೆಕ್ಕವಲ್ಲ.

ಈ ವ್ಯತ್ಯಾಸ ತಿಳಿಸಲು ಮಟ್ಟಾಂಚೇರಿಗಿಂತ ಒಳ್ಳೆಯ ಊರು ಇಲ್ಲ. ಬಜಾರ್ ರೋಡಿನಲ್ಲಿ ಇಂದಿಗೂ ಮೆಣಸು, ಶುಂಠಿ, ಏಲಕ್ಕಿಯ ಗೋದಾಮುಗಳಿವೆ. ಒಣಶುಂಠಿಯ ವಾಸನೆ ಬೀದಿ ತಿರುಗುವ ಮೊದಲೇ ಮೂಗಿಗೆ ಬರುತ್ತದೆ. ಮೆಣಸಿನ ವ್ಯಾಪಾರದಲ್ಲಿ ಲೀಟರ್ ತೂಕ ಎಂದೊಂದು ಅಳತೆ ಇದೆ. ಒಂದು ಲೀಟರ್ ಪಾತ್ರೆಗೆ ಮೆಣಸು ತುಂಬಿ ತೂಗುತ್ತಾರೆ; ಒಳ್ಳೆಯ ಮಲಬಾರ್ ಮೆಣಸಾದರೆ 550 ಗ್ರಾಂ ತೂಗಬೇಕು. ಜೊಳ್ಳು ಕಾಳಿದ್ದರೆ ಪಾತ್ರೆ ತುಂಬುತ್ತದೆ, ತೂಕ ಬರುವುದಿಲ್ಲ. ಅಂದರೆ ಒಂದು ಕಿಲೋ ಎಂದ ಮಾತ್ರಕ್ಕೆ ಇಷ್ಟೇ ಕಾಳು ಎಂದಾಗಲಿಲ್ಲ; ಒಂದೊಂದು ಕಾಳು ಎಷ್ಟು ತೂಗುತ್ತದೆ ಎಂದು ಗೊತ್ತಿದ್ದರೆ ಮಾತ್ರ ತೂಕದಿಂದ ಎಣಿಕೆಗೆ ಹೋಗಬಹುದು. ಅಣುಗಳಲ್ಲಿ ಆ ಕೆಲಸ ಮೋಲ್ ಮಾಡುತ್ತದೆ. ಹನ್ನೆರಡಕ್ಕೆ ಡಜನ್ ಎಂದ ಹಾಗೆ 6.022 × 10²³ಕ್ಕೆ ಮೋಲ್. ಹೈಡ್ರೋಜನ್ನಿನ ಒಂದು ಮೋಲ್ 2 ಗ್ರಾಂ ತೂಗುತ್ತದೆ, ಆಕ್ಸಿಜನ್ನಿನ ಒಂದು ಮೋಲ್ 32 ಗ್ರಾಂ. ಸಾಸಿವೆ ಡಜನ್ನಿಗೂ ತೆಂಗಿನಕಾಯಿ ಡಜನ್ನಿಗೂ ಇರುವ ವ್ಯತ್ಯಾಸ ಎಂದಾಗ ಅವಳು "ಅಷ್ಟೇಯಾ?" ಎಂದಳು. ಅಷ್ಟೇ.

ಈಗ ಹಳೆಯ ಪ್ರಶ್ನೆಗೆ ವಾಪಸ್. 4 ಗ್ರಾಂ ಹೈಡ್ರೋಜನ್ ಎಂದರೆ 2 ಮೋಲ್. ಒಂದು ಒಬ್ಬೆಗೆ 2 ಬೇಕು, ಹಾಗಾಗಿ ಸರಿಯಾಗಿ 1 ಒಬ್ಬೆ. 20 ಗ್ರಾಂ ಆಕ್ಸಿಜನ್ ಎಂದರೆ 0.625 ಮೋಲ್. ಒಂದು ಒಬ್ಬೆಗೆ 1 ಬೇಕು, ಹಾಗಾಗಿ 0.625 ಒಬ್ಬೆ. ಆಕ್ಸಿಜನ್ ಮೊದಲು ಮುಗಿಯಿತು. ನೀರು 1.25 ಮೋಲ್, ಅಂದರೆ 22.5 ಗ್ರಾಂ. ಹೈಡ್ರೋಜನ್ 0.75 ಮೋಲ್ ಉಳಿಯಿತು, 1.5 ಗ್ರಾಂ. ಭಟ್ರ ಪರೀಕ್ಷೆ ಮಾಡಿದಳು: 22.5 ಕೂಡಿಸು 1.5, ಸರಿಯಾಗಿ 24. ಕಾಗದವನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದಳು. "ಅಪ್ಪಾ, ಇಪ್ಪತ್ತನಾಲ್ಕೇ ಬಂತು!"

ಅವಳ ಎನ್‌ಸಿಇಆರ್‌ಟಿ ಪುಸ್ತಕದ ಮೊದಲ ಅಧ್ಯಾಯದಲ್ಲಿ ಇದಕ್ಕೆಂದೇ ಬಿಡಿಸಿಟ್ಟ ಲೆಕ್ಕವೊಂದಿದೆ: 50 ಕಿಲೋ ನೈಟ್ರೋಜನ್ ಮತ್ತು 10 ಕಿಲೋ ಹೈಡ್ರೋಜನ್ ಸೇರಿದರೆ ಎಷ್ಟು ಅಮೋನಿಯ, ಯಾವುದು ಲಿಮಿಟಿಂಗ್? ಸಮೀಕರಣದಲ್ಲಿ ಒಂದು ನೈಟ್ರೋಜನ್ ಅಣುವಿಗೆ ಮೂರು ಹೈಡ್ರೋಜನ್ ಅಣು. ಉದ್ದು, ಅಕ್ಕಿಯ ಪಾಕವೇ! ನಾನು 18 ಮತ್ತು 50 ಎಂದು ಹೇಳಿದ್ದೂ ಈ ಲೆಕ್ಕದಿಂದ ಕದ್ದದ್ದು. 50 ಕಿಲೋ ನೈಟ್ರೋಜನ್ನನ್ನು 28ರಿಂದ ಭಾಗಿಸಿದರೆ ಸುಮಾರು 1786 ಮೋಲ್, 10 ಕಿಲೋ ಹೈಡ್ರೋಜನ್ನನ್ನು 2ರಿಂದ ಭಾಗಿಸಿದರೆ 5000 ಮೋಲ್. ಎಲ್ಲ ನೈಟ್ರೋಜನ್ನಿಗೆ 5357 ಮೋಲ್ ಹೈಡ್ರೋಜನ್ ಬೇಕು, ಅಷ್ಟಿಲ್ಲ. ಹೈಡ್ರೋಜನ್ ಮೊದಲು ಮುಗಿಯಿತು. ಅಮೋನಿಯ ಸುಮಾರು 56.7 ಕಿಲೋ, ಉಳಿದ ನೈಟ್ರೋಜನ್ 3.3 ಕಿಲೋ, ಒಟ್ಟು 60. ಪುಸ್ತಕದಲ್ಲಿ 56.1 ಎಂದಿದೆ, ಅಲ್ಲಿ ಹೈಡ್ರೋಜನ್ನಿನ ತೂಕವನ್ನು 2.016 ಎಂದು ಹಿಡಿದು ನಡುವಿನ ಅಂಕಿಗಳನ್ನು ಮೊಟಕು ಮಾಡಿದ್ದಾರೆ. ಮಕ್ಕಳು ಈ ಸಣ್ಣ ವ್ಯತ್ಯಾಸಕ್ಕೆ ಹೆದರಿ ಇಡೀ ಲೆಕ್ಕ ಅಳಿಸಿಬಿಡುತ್ತಾರೆ. ಅಳಿಸಬೇಡಿ ಎಂದು ಮನೆಯಲ್ಲಿ ಪ್ಲಸ್ ವನ್ ಮಕ್ಕಳಿರುವವರು ಹೇಳಿ.

ಈ ಉದಾಹರಣೆಯ ಮೇಲೆ ನನಗೊಂದು ತಕರಾರಿದೆ. ತೂಕ ಕಡಿಮೆ ಇದ್ದದ್ದೇ ಲಿಮಿಟಿಂಗ್ ಎಂದು ತಪ್ಪಾಗಿ ತಿಳಿದ ಹುಡುಗಿಗೂ ಇಲ್ಲಿ ಸರಿ ಉತ್ತರ ಬರುತ್ತದೆ. 10 ಕಿಲೋ 50 ಕಿಲೋಗಿಂತ ಕಡಿಮೆ ತಾನೇ. ತಪ್ಪು ತಿಳಿವಳಿಕೆ ಹೀಗೆ ಪುಸ್ತಕದ ಆಶೀರ್ವಾದ ಪಡೆದು ಪರೀಕ್ಷೆಗೆ ಹೋಗುತ್ತದೆ, ಅಲ್ಲಿ ಹೈಡ್ರೋಜನ್, ಆಕ್ಸಿಜನ್ ಬಂದಾಗ ಮುಗ್ಗರಿಸುತ್ತದೆ. ಇವಳಿಗೆ ಆದದ್ದು ಅದೇ. ಅದಕ್ಕೆ ಹತ್ತನ್ನು ಹನ್ನೆರಡು ಮಾಡಿ ಮತ್ತೆ ಬಿಡಿಸಲು ಹೇಳಿದೆ. 12 ಕಿಲೋ ಎಂದರೆ 6000 ಮೋಲ್, 2000 ಒಬ್ಬೆ. ನೈಟ್ರೋಜನ್ 1786 ಒಬ್ಬೆ. ಈಗ ನೈಟ್ರೋಜನ್ ಮೊದಲು ಮುಗಿಯುತ್ತದೆ. ತೂಕದಲ್ಲಿ ಅದು ನಾಲ್ಕು ಪಟ್ಟಿಗಿಂತ ಹೆಚ್ಚಿದ್ದರೂ. ಎರಡು ಕಿಲೋ ಹೈಡ್ರೋಜನ್ ಸೇರಿದ್ದಕ್ಕೆ ಉತ್ತರವೇ ಮಗುಚಿತು. ಅಂದಹಾಗೆ, ಮೋಲ್ ಕಡಿಮೆ ಇದ್ದದ್ದೇ ಲಿಮಿಟಿಂಗ್ ಎನ್ನುವವರು ಪುಸ್ತಕದ ಲೆಕ್ಕದಲ್ಲೇ ಸಿಕ್ಕಿಬೀಳುತ್ತಾರೆ. 1786 ಎಂಬುದು 5000ಕ್ಕಿಂತ ಕಡಿಮೆ, ಆದರೂ ನೈಟ್ರೋಜನ್ ಉಳಿಯಿತು. ತೂಕವೂ ಅಲ್ಲ, ಮೋಲೂ ಅಲ್ಲ, ಒಬ್ಬೆ.

ಮರುವಾರ ನಾನು ಕಾಫಿಗೆಂದು ಕೊಂಡ ಪುಟ್ಟ ಡಿಜಿಟಲ್ ತಕ್ಕಡಿ ತೆಗೆದುಕೊಂಡು ಹೋದೆ. (ಐಟಿಯವರ ಚಟಗಳಲ್ಲಿ ಇದೊಂದು. ಮನೆಯಲ್ಲಿ ಫಿಲ್ಟರ್ ಇದ್ದರೂ ಕಾಫಿಪುಡಿ ಗ್ರಾಮಿನ ಹತ್ತನೇ ಒಂದು ಪಾಲಿನವರೆಗೆ ತೂಗುತ್ತೇವೆ.) ನಾಲ್ಕು ಖಾಲಿ ನೀರಿನ ಬಾಟಲಿ, ನಾಲ್ಕು ಬೆಲೂನು, ಅಂಗಡಿಯ ಬಿಳಿ ವಿನಿಗರ್, ಅಡುಗೆ ಸೋಡ. ಪ್ರತಿ ಬಾಟಲಿಗೆ 50 ಮಿಲಿ ವಿನಿಗರ್. ಬೆಲೂನುಗಳೊಳಗೆ ಕ್ರಮವಾಗಿ 1, 2, 3, 4 ಗ್ರಾಂ ಸೋಡ. ಬೆಲೂನನ್ನು ಬಾಟಲಿ ಬಾಯಿಗೆ ಸಿಕ್ಕಿಸಿ ಎತ್ತಿ ಹಿಡಿದರೆ ಸೋಡ ಕೆಳಗೆ ಬಿದ್ದು ನೊರೆ ಏಳುತ್ತದೆ, ಬೆಲೂನು ಊದುತ್ತದೆ.

ಊದಿಸುವ ಮೊದಲು ಲೆಕ್ಕ. ಸೀಸೆಯ ಚೀಟಿಯಲ್ಲಿ ಅಸಿಟಿಕ್ ಆಸಿಡ್ ನೂರಕ್ಕೆ 4 ಎಂದಿತ್ತು. 50 ಮಿಲಿಯಲ್ಲಿ 2 ಗ್ರಾಂ, ಅಂದರೆ ಒಂದು ಮೋಲಿನ ಮೂವತ್ತನೇ ಒಂದು ಪಾಲು. ಆಸಿಡ್ ಒಂದಕ್ಕೆ ಸೋಡ ಒಂದು. ಸೋಡದ ಒಂದು ಮೋಲ್ 84 ಗ್ರಾಂ, ಅದರ ಮೂವತ್ತನೇ ಒಂದು ಪಾಲು 2.8 ಗ್ರಾಂ. ಹಾಗಾದರೆ 2.8 ಗ್ರಾಮಿನವರೆಗೆ ಬೆಲೂನು ದೊಡ್ಡದಾಗುತ್ತಾ ಹೋಗಬೇಕು, ಆಮೇಲೆ ಎಷ್ಟು ಸೋಡ ಸುರಿದರೂ ಅಷ್ಟೇ. ಹಾಗೇ ಆಯಿತು. ಮೊದಲನೆಯದು ಸಣ್ಣ ನಿಂಬೆಹಣ್ಣು ಎಂದರೆ ಎರಡನೆಯದು ಕಿತ್ತಳೆ; ಮೂರನೆಯದೂ ನಾಲ್ಕನೆಯದೂ ಅವಳಿಜವಳಿ.

ನನಗೆ ಇಷ್ಟವಾದದ್ದು ಆಮೇಲೆ ನಡೆದದ್ದು. ಉಳಿದ ಸೋಡ ನೀರಿನಲ್ಲಿ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. "ಉಳಿದಿದೆ ಅಂತ ಹೇಗೆ ನಂಬುವುದು?" ಎಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಭಟ್ರು ಒಂದು ನಿಂಬೆಹೋಳು ತಂದು ನಾಲ್ಕನೇ ಬಾಟಲಿಗೆ ಹಿಂಡಿದರು. ಬುಸ್ಸೆಂದು ನೊರೆ ಬಂತು. ಒಂದನೇ ಬಾಟಲಿಗೆ ಹಿಂಡಿದರು, ಏನೂ ಇಲ್ಲ. ಅಲ್ಲಿ ಉಳಿದದ್ದು ಹುಳಿ, ಸೋಡ ಅಲ್ಲ. ಅದಕ್ಕೆ ಚಿಟಿಕೆ ಸೋಡ ಹಾಕಿದಾಗ ಉಕ್ಕಿತು. ಮೂರನೆಯದಕ್ಕೆ ನಿಂಬೆ ಹಿಂಡಿದಾಗ ಒಂದೆರಡು ಗುಳ್ಳೆ ಮಾತ್ರ. ಅವಳು ತಕ್ಷಣ "ಪಾಯಿಂಟ್ ಟೂ" ಎಂದಳು. 3ರಲ್ಲಿ 2.8 ಹೋದರೆ 0.2. ಗುಳ್ಳೆ ನೋಡಿ ದಶಮಾಂಶ ಹೇಳಿದ ಹುಡುಗಿಯನ್ನು ಕಾಮರ್ಸಿಗೆ ಕಳಿಸುವ ಮಾತು ಆ ದಿನ ಮತ್ತೆ ಬರಲಿಲ್ಲ.

ಭಟ್ರಿಗೂ ಒಂದು ವಿಷಯ ಹೊಳೆಯಿತು. ಗ್ಯಾಸಿನ ಒಲೆಯಲ್ಲಿ ಉರಿ ನೀಲಿಯಿಂದ ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾದರೆ ಅವರು ಬರ್ನರ್ ಬಿಚ್ಚಿ ತೊಳೆಯುತ್ತಾರೆ. ಗಾಳಿ ಹೋಗುವ ದಾರಿ ಕಟ್ಟಿದಾಗ ಮೊದಲು ಮುಗಿಯುವುದು ಆಕ್ಸಿಜನ್; ಪೂರ್ತಿ ಉರಿಯದ ಕಾರ್ಬನ್ ಮಸಿಯಾಗಿ ಪಾತ್ರೆಗೆ ಅಂಟುತ್ತದೆ. ಒಲೆ ಸರಿಯಿದ್ದಾಗ ಮೊದಲು ಮುಗಿಯುವುದು ಗ್ಯಾಸು, ಗಾಳಿ ಧಾರಾಳ. ದುಡ್ಡು ಕೊಟ್ಟು ತಂದದ್ದು ಪೂರ್ತಿ ಖರ್ಚಾಗಲಿ, ಪುಕ್ಕಟೆ ಸಿಗುವುದು ಉಳಿಯಲಿ. ಕಾರ್ಖಾನೆಗಳಲ್ಲೂ ಎಷ್ಟೋ ಕಡೆ ಯಾವುದು ಮೊದಲು ಮುಗಿಯಬೇಕು ಎಂಬುದನ್ನು ಹೀಗೆ ಬೇಕೆಂದೇ ನಿರ್ಧರಿಸಿರುತ್ತಾರೆ.

ಪುಸ್ತಕದ ಆ ಅಮೋನಿಯ ಲೆಕ್ಕ ನಮ್ಮ ಕಣ್ಣೆದುರಿನದೇ ಎಂದು ಅವಳಿಗೆ ಗೊತ್ತಿರಲಿಲ್ಲ. ಮಟ್ಟಾಂಚೇರಿಯ ದಡದಲ್ಲಿ ನಿಂತರೆ ನೀರಿನಾಚೆ ವಿಲ್ಲಿಂಗ್ಡನ್ ದ್ವೀಪ, ಬಂದರಿಗಾಗಿ ಹೂಳೆತ್ತಿದ ಮಣ್ಣಿನಿಂದ ರಾಬರ್ಟ್ ಬ್ರಿಸ್ಟೋ ಕಾಲದಲ್ಲಿ ಕಟ್ಟಿದ್ದು. ಫ್ಯಾಕ್ಟ್ ಕಂಪನಿ ಹಡಗಿನಲ್ಲಿ ತರಿಸುವ ಅಮೋನಿಯವನ್ನು ಇಡುವ 10,000 ಟನ್ನಿನ ಟ್ಯಾಂಕ್ ಆ ದ್ವೀಪದಲ್ಲಿದೆ. ಅಲ್ಲಿಂದ ಅದು ಬಾರ್ಜುಗಳಲ್ಲಿ ಕಾಲುವೆ ಹಿಡಿದು ಕಾರ್ಖಾನೆಗೆ ಹೋಗುತ್ತದೆ. ಫರ್ಟಿಲೈಸರ್ಸ್ ಆ್ಯಂಡ್ ಕೆಮಿಕಲ್ಸ್ ತಿರುವಾಂಕೂರ್, ಚಿಕ್ಕದಾಗಿ ಫ್ಯಾಕ್ಟ್, ಹುಟ್ಟಿದ್ದು 1943ರಲ್ಲಿ. ಸಿ.ಪಿ. ರಾಮಸ್ವಾಮಿ ಅಯ್ಯರ್ ತಿರುವಾಂಕೂರಿನ ದಿವಾನರಾಗಿದ್ದ ಕಾಲ. ಪೆರಿಯಾರ್ ದಂಡೆಯ ಏಲೂರಿನಲ್ಲಿ 1947ರಲ್ಲಿ ಅಮೋನಿಯಂ ಸಲ್ಫೇಟ್ ಉತ್ಪಾದನೆ ಶುರುವಾಯಿತು. ಕನ್ನಡಿಗರು ಹೆಮ್ಮೆ ಪಡುವುದಿದ್ದರೆ, ಮೈಸೂರಿನ ಹತ್ತಿರ ಬೆಳಗೊಳದಲ್ಲಿ ಇದಕ್ಕೂ ಮೊದಲೇ ಒಂದು ಚಿಕ್ಕ ಅಮೋನಿಯ ಕಾರ್ಖಾನೆ ಇತ್ತು.

ನೈಟ್ರೋಜನ್ ಗಾಳಿಯಲ್ಲಿದೆ, ಐದರಲ್ಲಿ ನಾಲ್ಕು ಪಾಲಿನ ಹತ್ತಿರ. ಹೈಡ್ರೋಜನ್ ಎಲ್ಲಿಂದ ತರುವುದು? ಏಲೂರಿನಲ್ಲಿ ಆಗ ತಂದದ್ದು ಕಾಡಿನಿಂದ! ಸೌದೆಯಿಂದ ಅನಿಲ ತೆಗೆದು, ಕಾದ ಇದ್ದಿಲಿನ ಕಾರ್ಬನ್ನು ಹಬೆಯ ಆಕ್ಸಿಜನ್ನನ್ನು ಕಿತ್ತುಕೊಂಡಾಗ ಬಿಡುಗಡೆಯಾಗುವ ಹೈಡ್ರೋಜನ್ನನ್ನು ಬಳಸಿದರು. ಆಮೇಲೆ ನಾಫ್ತಾ ಬಂತು, ಈಗ ಪುದುವೈಪ್ಪಿನ ಟರ್ಮಿನಲ್ಲಿನಿಂದ ಬರುವ ನೈಸರ್ಗಿಕ ಅನಿಲ. ಮೂರು ಕಾಲದಲ್ಲೂ ನೈಟ್ರೋಜನ್ನಿಗೆ ಬರ ಬರಲಿಲ್ಲ. ಪುಸ್ತಕದ ಲೆಕ್ಕದಲ್ಲಿ ಹೈಡ್ರೋಜನ್ ಮೊದಲು ಮುಗಿಯುತ್ತದೆ ಎಂಬುದು ಹೊರಗಿನ ಜಗತ್ತಿನಲ್ಲೂ ಒಂದು ರೀತಿಯಲ್ಲಿ ನಿಜ. ದುಬಾರಿಯಾದದ್ದು ಯಾವತ್ತೂ ಅದೇ.

"ಹಾಗಾದರೆ ಕಾರ್ಖಾನೆಯಲ್ಲಿ ಹೈಡ್ರೋಜನ್ ಪೂರ್ತಿ ಮುಗಿಯುತ್ತದಾ ಅಕ್ಕ?" ಇಲ್ಲ ಎಂದೆ. ಈ ಲೆಕ್ಕಗಳೆಲ್ಲ ಕ್ರಿಯೆ ಕೊನೆಯವರೆಗೂ ನಡೆಯುತ್ತದೆ ಎಂದು ಹಿಡಿದು ಮಾಡಿದವು. ನಿಜವಾದ ಅಮೋನಿಯ ಕಾರ್ಖಾನೆಯಲ್ಲಿ, 400 ಡಿಗ್ರಿ ದಾಟಿದ ಬಿಸಿಯಲ್ಲಿ, ಭಾರಿ ಒತ್ತಡದಲ್ಲಿ, ಕಬ್ಬಿಣದ ವೇಗವರ್ಧಕದ ಮೇಲೆ ಒಂದು ಸಲ ಹಾಯಿಸಿದರೆ ನೂರಕ್ಕೆ ಹದಿನೈದರ ಆಸುಪಾಸು ಮಾತ್ರ ಅಮೋನಿಯವಾಗುತ್ತದೆ. ಅಮೋನಿಯವನ್ನು ತಣಿಸಿ ಬೇರ್ಪಡಿಸಿ, ಉಳಿದದ್ದನ್ನು ಮತ್ತೆ ಒಳಗೆ ಕಳಿಸುತ್ತಾರೆ, ಮತ್ತೆ ಮತ್ತೆ. ಯಾಕೆ ಪೂರ್ತಿ ಆಗುವುದಿಲ್ಲ ಎಂಬುದು ಸಮತೋಲನದ ಪಾಠ, ಅವಳ ಪುಸ್ತಕದಲ್ಲಿ ಮುಂದೆ ಬರುತ್ತದೆ. ಅದನ್ನು ಹೇಗೆ ಹೇಳಿಕೊಡುವುದೆಂದು ನಾನಿನ್ನೂ ಯೋಚಿಸಿಲ್ಲ. ಅಡುಗೆಮನೆಯಲ್ಲಿ ಅದಕ್ಕೆ ಒಳ್ಳೆಯ ಹೋಲಿಕೆ ಹೊಳೆದವರು ಬರೆದು ತಿಳಿಸಿ.

ಕಳೆದ ವಾರ ಅವಳೇ ಒಂದು ಲೆಕ್ಕ ತಂದಳು. 1840ರಲ್ಲಿ ಜರ್ಮನಿಯ ಲೀಬಿಗ್ ಕೃಷಿಯ ರಸಾಯನದ ಬಗ್ಗೆ ಪುಸ್ತಕ ಬರೆದ ಮೇಲೆ ಹೆಸರಾದ ಮಾತೊಂದನ್ನು ನಾನು ಹಿಂದಿನ ಭಾನುವಾರ ಹೇಳಿದ್ದೆ: ಗಿಡದ ಬೆಳವಣಿಗೆ ನಿಲ್ಲುವುದು ಅದರ ಅಗತ್ಯಕ್ಕೆ ಹೋಲಿಸಿದರೆ ಯಾವ ಪೋಷಕಾಂಶ ತೀರಾ ಕಡಿಮೆಯೋ ಅಲ್ಲಿಗೆ, ಉಳಿದವನ್ನು ಎಷ್ಟು ಸುರಿದರೂ ಪ್ರಯೋಜನವಿಲ್ಲ. ಗಿಡ ಬಾಟಲಿಯಲ್ಲ, ಲೆಕ್ಕ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ ಎಂದೂ ಹೇಳಿದ್ದೆ. ಅವಳು ಅಜ್ಜನ ತೋಟ ನೆನೆಸಿಕೊಂಡಿದ್ದಾಳೆ. ಕಾಸರಗೋಡಿನಲ್ಲೇ ಇರುವ ಸಿಪಿಸಿಆರ್‌ಐ, ಅಂದರೆ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ, ಫಲ ಕೊಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಎಂದು ಶಿಫಾರಸು ಮಾಡುತ್ತದೆ. ಅಜ್ಜ ಹಾಕುವುದು ಫ್ಯಾಕ್ಟಂಫಾಸ್, ಇದೇ ಕೊಚ್ಚಿಯಿಂದ ಹೋಗುವ ಗೊಬ್ಬರ. ಚೀಲದ ಮೇಲೆ 20-20-0-13 ಎಂದಿರುತ್ತದೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ. ಅವಳು ಬೆರಳಿಟ್ಟದ್ದು ಮೂರನೇ ಅಂಕಿಯ ಮೇಲೆ. ಎರಡೂವರೆ ಕಿಲೋ ಹಾಕಿದರೆ ಸಾರಜನಕ ಸರಿಯಾಗಿ 500 ಗ್ರಾಂ, ರಂಜಕ ಬೇಕಾದದ್ದಕ್ಕಿಂತ ಹೆಚ್ಚು, ಪೊಟ್ಯಾಷ್ ಸೊನ್ನೆ. "ಅಜ್ಜನ ತೋಟದಲ್ಲಿ ಮೊದಲು ಮುಗಿಯುವುದು ಪೊಟ್ಯಾಷ್" ಎಂದು ತೀರ್ಪು ಕೊಟ್ಟಳು. ಗೊಬ್ಬರದ ತಪ್ಪಲ್ಲ ಅದು. ಪೊಟ್ಯಾಷನ್ನು ಬೇರೆ ಚೀಲದಲ್ಲಿ ತಂದು ಹಾಕಬೇಕು.

ಅಲ್ಲೇ ಅಜ್ಜನಿಗೆ ಫೋನ್ ಮಾಡಿದಳು, ಸ್ಪೀಕರ್ ಹಾಕಿ.

"ಅಜ್ಜ, ತೆಂಗಿಗೆ ಪೊಟ್ಯಾಷ್ ಹಾಕುತ್ತೀರಾ?"

"ಅದೆಂತದ್ದು? ಫ್ಯಾಕ್ಟಂಫಾಸ್ ಹಾಕ್ತೇನೆ. ಮತ್ತೆ ಬಚ್ಚಲೊಲೆಯ ಬೂದಿ, ಸೊಪ್ಪು, ಗೊಬ್ಬರ."

ನಾನು ನಕ್ಕೆ. ಪೊಟ್ಯಾಷ್ ಎಂಬ ಹೆಸರು ಬಂದದ್ದೇ ಮಡಕೆಯಲ್ಲಿ ಕಾಯಿಸಿ ತೆಗೆದ ಬೂದಿಯಿಂದ ಎಂದೆ. ಹುಡುಗಿ ನಗಲಿಲ್ಲ. "ಒಂದು ಮರಕ್ಕೆ ಎಷ್ಟು ಬೂದಿ ಅಜ್ಜ?"

"ಒಂದು ಬುಟ್ಟಿ. ಇದನ್ನೆಲ್ಲ ಕೇಳಲಿಕ್ಕೆ ನಿನ್ನನ್ನು ಅಷ್ಟು ದೂರ ಕಳಿಸಿದ್ದಾ ಮಾರಾಯ್ತಿ?"

ದಸರಾ ರಜೆಗೆ ಊರಿಗೆ ಹೋಗುತ್ತಾಳೆ. ಆ ಬುಟ್ಟಿ ಎಷ್ಟು ತೂಗುತ್ತದೆ ಎಂದು ನೋಡಿಕೊಂಡು ಬರಲು ಹೇಳಿದ್ದೇನೆ. ನನ್ನ ಕಾಫಿ ತಕ್ಕಡಿ ಬೇಕೆಂದು ಕೇಳಿದಳು. ಅದು ಎರಡು ಕಿಲೋ ದಾಟಿದರೆ ಹಾಳಾಗುತ್ತದೆ, ಅಂಗಡಿಯದ್ದನ್ನು ಬಳಸು ಎಂದೆ.